ಹೆಂಚು ಕಳಚಲು ಹತ್ತಿದವನು

ಮಂಡ್ಯದ ಹೊಸ ಬೀದಿಯಲ್ಲಿ ಮುದ್ದಯ್ಯ ಏಣಿ ಹೊತ್ತು ಹೊರಟಾಗ ಬಿಸಿಲು ಇನ್ನೂ ಏರಿರಲಿಲ್ಲ. ಆತಗೂರಿನ ತನ್ನ ಪಾಲಿನ ಜಮೀನನ್ನು ಅಣ್ಣನಿಗೇ ಮಾರಿ, ಆ ಹಣದಲ್ಲಿ ಇಲ್ಲೊಂದು ಹೆಂಚಿನ ಮನೆ ಕೊಂಡು ಬಾಡಿಗೆಗೆ ಬಿಟ್ಟಿದ್ದ. ಎರಡು ವರ್ಷವೂ ಆಗಿಲ್ಲ, ಆಗಲೇ ನಡಿಗೆಯಲ್ಲಿ ಮನೆಯೊಡೆಯನ ಗತ್ತು ಬಂದುಬಿಟ್ಟಿತ್ತು, ಪುಣ್ಯಾತ್ಮನಿಗೆ!

ಬಾಡಿಗೆಗಿದ್ದವಳು ಮರಿತಾಯಮ್ಮ. ಗಂಡ ಸತ್ತ ಮೇಲೆ ಹೊಲಿಗೆ ಮಿಷನ್ನೊಂದನ್ನೇ ನಂಬಿ ಎರಡು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಒಂದು ತಿಂಗಳೂ ಬಾಡಿಗೆ ತಪ್ಪಿಸಿದವಳಲ್ಲ. ಆದರೆ ಮಹಾಯುದ್ಧ ಶುರುವಾಗಿ ಪೇಟೆಯಲ್ಲಿ ಮನೆಗಳೇ ಸಿಗದಂತಾಗಿತ್ತು. ಕಂಟ್ರಾಕ್ಟುದಾರನೊಬ್ಬ ಎರಡರಷ್ಟು ಬಾಡಿಗೆ ಕೊಡುತ್ತೇನೆಂದಾಗ ಮುದ್ದಯ್ಯನ ತಲೆ ತಿರುಗಿತು.

ಏಣಿ ಹೊರುವ ಹಿಂದಿನ ದಿನ ಮೊದಲು ವಕೀಲ ಮಹದೇವಯ್ಯನವರ ಬಳಿ ಹೋಗಿದ್ದ.

"ಮನೆ ನಂದೇ ತಾನೆ ಬುದ್ಧಿ? ನಾಳೀಕೆ ಕಾಲಿ ಮಾಡು ಅಂದ್ರೆ ಆಯ್ತಲ್ವಾ? ಕಾಗ್ದ ಪತ್ರ ಒಂದೂ ಮಾಡ್ಕಂಡಿಲ್ಲ."

"ಕಾಗದ ಇಲ್ಲದಿದ್ದರೇನು? ತಿಂಗಳು ತಿಂಗಳೂ ಬಾಡಿಗೆ ಈಸಿಕೊಂಡಿದ್ದೀಯಲ್ಲ. ಮನೆ ನಿನ್ನದು, ವಾಸ ಅವಳದು. ಮೊದಲು ನೋಟಿಸು ಕೊಡಬೇಕು. ಆಮೇಲೂ ಬಿಡದಿದ್ದರೆ ಕೋರ್ಟಿಗೆ ಹೋಗಬೇಕು. ಬಲವಂತ ಮಾಡಿದರೆ ನಿನ್ನ ಮೇಲೇ ಕೇಸಾದೀತು."

ಹೊರಗೆ ದೊಡ್ಡಬೀರಯ್ಯ ಸಿಕ್ಕಿದ. ನಾಲ್ಕು ಮನೆ ಬಾಡಿಗೆಗೆ ಬಿಟ್ಟ ಅನುಭವಸ್ಥ.

"ಕೋರ್ಟು ಕಚೇರಿ ಯಾಕ್ಲಾ? ರಿಪೇರಿ ಅಂತ ಅತ್ತಿ ನಾಕು ಸಾಲು ಎಂಚು ಕಳ್ಚು. ಒಸಾ ಎಂಚು ಸಿಕ್ನಿಲ್ಲ ಅಂತ ಸುಮ್ಕಿದ್ಬುಡು. ಒಂದು ಮಳೆ ಉಯ್ದ್ರೆ ಅವ್ಳೇ ಗಂಟು ಮೂಟೆ ಕಟ್ತಾಳೆ. ನಾನು ಇಬ್ರನ್ನ ಅಂಗೇ ಬುಡ್ಸಿದೀನಿ ಕಣ್ಲಾ. ತಕ, ನನ್ನ ಏಣೀನೇ ತಕಂಡೋಗು."

ಮುಂಗಾರು ಬರಲು ವಾರವಿತ್ತು. ಆ ಏಣಿ ಹೊತ್ತು ಬಂದ ಮುದ್ದಯ್ಯ ಬೆಳಿಗ್ಗೆಯೇ ಸೂರು ಹತ್ತಿ ಆರೇಳು ಹೆಂಚು ಕಳಚಿದ. ಒಳಗೆ ಮಿಷನ್ನಿನ ಸದ್ದು ಥಟ್ಟನೆ ನಿಂತಿತು. ಸಂದಿಯಿಂದ ಇಣುಕಿದರೆ ಕೆಳಗೆ ಅರ್ಧ ಹೊಲಿದ ಅಂಗಿ, ಮೇಲೆ ನೋಡುತ್ತಿದ್ದ ಮರಿತಾಯಮ್ಮ. ಅವಳ ಮುಖ ಬಿಳಿಚಿಕೊಂಡಿತ್ತು. ಅವನನ್ನು ಕಂಡದ್ದೇ ಅರಳಿತು.

"ಅಯ್ಯೋ, ನೀವಾ ಅಣ್ಣ! ಎದೆ ಡವಡವ ಅಂದ್ಬುಡ್ತು. ಮುಂಚೆ ಇದ್ದ ಮನೇಲೂ ಇಂಗೇ ಮ್ಯಾಲೆ ಸದ್ದಾಯ್ತು. ರಿಪೇರಿ ಅಂತ ಎಂಚು ತೆಗುದ್ರು, ತಿರ್ಗ ಒದುಸ್ಲೇ ಇಲ್ಲ. ಮಳೇಲಿ ಮಕ್ಳನ್ನ ಒಂದ್ ಕೈಲಿ, ಮಿಸನ್ನ ಒಂದ್ ಕೈಲಿ ತಬ್ಕಂಡು ಕುಂತಿದ್ದೆ ಕಣಣ್ಣ. ಸೋರ್ತದೆ ಅಂತ ಒಂದು ಮಾತು ಅಂದಿದ್ಕೆ ನೀವೇ ಸೂರು ಅತ್ತಿದ್ದೀರಲ್ಲ, ನಿಮ್ಮ ವಟ್ಟೆ ತಣ್ಣಗಿರ್ಲಿ!"

ಅಷ್ಟಕ್ಕೇ ಸುಮ್ಮನಾಗದೆ ಏಣಿಯ ಮೂರು ಮೆಟ್ಟಿಲು ಹತ್ತಿ ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಮುದ್ದಯ್ಯ ಚೊಂಬನ್ನು ಬಾಯಿಗೆತ್ತದೆ ಕಳಚಿದ ಹೆಂಚಿನ ಪಕ್ಕದಲ್ಲಿಟ್ಟ. ಮಾಡದ ಉಪಕಾರಕ್ಕೆ ಹರಸಿದವಳನ್ನು ಅವನು ಆ ತನಕ ಕಂಡಿರಲಿಲ್ಲ. ಥೂ, ನಾನೆಂಥ ಮನುಷ್ಯ ಅನ್ನಿಸಿತು. ಇಳಿದವನೇ ಅಂಗಡಿಗೆ ಹೋಗಿ ಹೊಸ ಹೆಂಚು ತಂದ. ಸಂಜೆಯೊಳಗೆ ಒಡೆದದ್ದನ್ನೆಲ್ಲ ಬದಲಿಸಿ, ಕಳಚಿದ್ದನ್ನು ಸಾಲು ಹಿಡಿದು ಹೊದಿಸಿದ.

ಮಾರನೆಯ ದಿನ ಮತ್ತೆ ಬಂದವನನ್ನು ವಕೀಲರು ಕೇಳಿದರು, "ನೋಟಿಸು ಬರೆಯಲೇನಯ್ಯ?"

"ಬ್ಯಾಡಿ ಬುದ್ಧಿ, ಕರಾರು ಬರೀರಿ. ಆರು ತಿಂಗ್ಳು ಮುಂಚೆ ಏಳ್ದೆ ಬುಡ್ಸಂಗಿಲ್ಲ, ಬಾಡಿಗೆ ಸುಮ್ಸುಮ್ನೆ ಏರ್ಸಂಗಿಲ್ಲ, ಸೂರು ಸೋರುದ್ರೆ ನಾನೇ ಸರಿ ಮಾಡುಸ್ಬೇಕು ಅಂತ."

ಮಹದೇವಯ್ಯನವರು ಕನ್ನಡಕದ ಮೇಲಿಂದ ಅವನನ್ನೊಮ್ಮೆ ನೋಡಿ ಬರೆದುಕೊಟ್ಟರು.

ಕಾಗದ ಕಂಡು ಮರಿತಾಯಮ್ಮ ನಕ್ಕಳು. "ಇದ್ಯಾಕಣ್ಣ? ನಿಮ್ಮ ಮಾತೇ ಸಾಕು ನಂಗೆ."

"ನಿಂಗೆ ಸಾಕು ಕಣವ್ವ, ನಂಗೆ ಸಾಲ್ದು," ಎಂದ ಮುದ್ದಯ್ಯ ತಲೆ ತಗ್ಗಿಸಿ. "ನೆನ್ನೆ ನಾನು ಸೂರು ಅತ್ತಿದ್ದು ರಿಪೇರಿಗಲ್ಲ."

ಅವಳು ಸೂರನ್ನೊಮ್ಮೆ ನೋಡಿದಳು. ಆಮೇಲೆ ಕಾಗದವನ್ನು ಮಡಿಚಿ ಮಿಷನ್ನಿನ ಡ್ರಾಯರಿನಲ್ಲಿಟ್ಟಳು.

"ಯಾಕ್ ಮ್ಯಾಲತ್ತಿದ್ರೋ ನಂಗ್ಬ್ಯಾಡ ಕಣಣ್ಣ. ಎಂಚು ಒದುಸ್ಬುಟ್ಟು ಇಳುದ್ರಲ್ಲ, ಅದು ನನ್ನ ಕಣ್ಣಿಗೆ ಕಾಣ್ತಾ ಅದೆ."

ಮುದ್ದಯ್ಯ ತನ್ನದೇ ಮನೆಯ ಹೊಸ್ತಿಲಲ್ಲಿ ನಿಂತು, ಬಾಡಿಗೆಯವಳಿಗೆ ಕೈ ಮುಗಿದ.