ಶಿವಗಂಗಮ್ಮ ಪಿಕಪ್ ಹತ್ತಲಿಲ್ಲ

ಧರ್ಮಪುರದ ಕಡೆಯ ಹಳ್ಳಿಗಳಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ಅಂತ ಬಂದರೆ ಮೊದಲು ಏಳುವ ಮಾತು ಒಂದೇ: "ಹೆಂಗೆ ಹೋಗಾಣ?" ಬೆಳಿಗ್ಗೆ ಒಂದು ಬಸ್ಸು. ಅದು ತಪ್ಪಿದರೆ ಮಧ್ಯಾಹ್ನದ ತನಕ ಇನ್ನೊಂದಿಲ್ಲ. ಆಗ ಯಾರದಾದರೂ ಗೂಡ್ಸ್ ಗಾಡಿ ನೆನಪಾಗುತ್ತದೆ. ಹಿಂದೆ ಒಂದು ಜಮಖಾನ ಹಾಸಿದರೆ ಅರ್ಧ ಕೇರಿಯೇ ಹಿಡಿಯುತ್ತದೆ.

ಶಿವಗಂಗಮ್ಮನ ಮನೆಯಲ್ಲಿ ಮಾತ್ರ ಈ ಮಾತು ಎದ್ದು ವರ್ಷಗಳೇ ಆಗಿದ್ದವು. ಅವರ ಮನೆಯಲ್ಲಿ ಕಾರಿತ್ತು.

ದೊಡ್ಡ ಕಾರೇನಲ್ಲ. ಬಿಳಿ ಬಣ್ಣದ, ಐದು ಜನ ಕೂರುವ ಕಾರು. ಮಗ ಕೊಟ್ರೇಶ್ ಶೇಂಗಾ ವ್ಯಾಪಾರಕ್ಕೆ ಊರೂರು ಸುತ್ತಲು ಅದೇ. ಶಿವಗಂಗಮ್ಮನ ಮೊಣಕಾಲು ನೋವಿಗೆ ಹಿರಿಯೂರಿನ ಡಾಕ್ಟರ ಹತ್ತಿರ ಹೋಗಲು ಅದೇ. ಸೊಸೆ ದಾಕ್ಷಾಯಿಣಿಯನ್ನು ಹೆರಿಗೆಗೆ ಕರೆದೊಯ್ದದ್ದೂ ಅದರಲ್ಲೇ. ಹಿಂದಿನ ಸೀಟಿನ ಎಡಗಡೆಯ ಕಿಟಕಿ ಶಿವಗಂಗಮ್ಮನದು. ಬೇರೆ ಯಾರಾದರೂ ಅಲ್ಲಿ ಕುಳಿತರೆ ಆಕೆ ಏನೂ ಅನ್ನುತ್ತಿರಲಿಲ್ಲ. ಬಾಗಿಲು ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಿದ್ದಳು. ಅವರೇ ಆಚೆ ಸರಿಯುತ್ತಿದ್ದರು.

ಕೊಟ್ರೇಶನಿಗೆ ಆ ಕಾರಿನ ಮೇಲೆ ಬೇಸರ ಹುಟ್ಟಿತ್ತು. ಚೀಲ ಸಾಗಿಸಬೇಕೆಂದರೆ ಪ್ರತಿ ಸಲವೂ ಬೇರೆಯವರ ಗಾಡಿಗೆ ಕಾಯಬೇಕು. ರಸ್ತೆಗೆ ಇಳಿದರೆ ಹೊಸ ಪಿಕಪ್‌ಗಳು ಹಾರನ್ ಹೊಡೆದು ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಅವನು ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಅವರು ಮಾಲು ಇಳಿಸಿ ಟೀ ಕುಡಿಯುತ್ತಿದ್ದರು. ಒಂದು ದಿನ ಕಾರಿನಲ್ಲಿ ಚಿತ್ರದುರ್ಗಕ್ಕೆ ಹೋದವನು ಸಂಜೆ ಕೆಂಪು ಪಿಕಪ್‌ನಲ್ಲಿ ಬಂದ. ಕಾರನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟಿದ್ದ.

"ಏನು ಪಿಕಪ್ಪು ಅಂತೀಯ ಅಮ್ಮಾ" ಎಂದ. "ಕಾಲಿಟ್ಟರೆ ಸಾಕು, ಹಾರ್ತೈತೆ."

ಶಿವಗಂಗಮ್ಮ ಗಾಡಿಗೆ ಒಂದು ಸುತ್ತು ಹಾಕಿ ಬಂದಳು. "ಚೆಂದ ಐತೆ ಬಿಡಪ್ಪ. ನಾನೆಲ್ಲಿ ಕುಂತ್ಕಳ್ಲಿ?"

ಕೊಟ್ರೇಶ್ ನಕ್ಕ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಲಿಲ್ಲ. ಮುಂದೆ ಇದ್ದದ್ದು ಡ್ರೈವರ್ ಸೀಟು, ಪಕ್ಕದಲ್ಲಿ ಇನ್ನೊಂದು ಸೀಟು, ಅಷ್ಟೇ.

ಉತ್ತರ ಹೇಳಬೇಕಾದ ದಿನ ಬೇಗನೆ ಬಂತು. ಶಿವಗಂಗಮ್ಮನ ಮಗಳು ಪಾರ್ವತಮ್ಮ ಹಿರಿಯೂರಿನಲ್ಲಿ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು. ಹಿಂದಿನ ದಿನ ಕೊಟ್ರೇಶ್ ಏರ್ಪಾಡು ವಿವರಿಸಿದ. ದಾಕ್ಷಾಯಿಣಿ ಎಳೆಗೂಸನ್ನು ಎತ್ತಿಕೊಂಡು ಮುಂದೆ. ಪಕ್ಕದ ಮನೆಯ ಚಂದ್ರಕ್ಕ ಮತ್ತು ಕೇರಿಯ ಹೆಂಗಸರು ಹಿಂದೆ, ಜಮಖಾನದ ಮೇಲೆ. ಅಮ್ಮನಿಗೆ ಕೆಳಗೆ ಕೂರಲು ಆಗುವುದಿಲ್ಲವಲ್ಲ, ಆಕೆಗೆ ನೀಲಿ ಪ್ಲಾಸ್ಟಿಕ್ ಕುರ್ಚಿ.

"ರಾಣಿ ಇದ್ದಂಗೆ ಕುಂತು ಬರ್ತೀಯ" ಎಂದ.

ಚಂದ್ರಕ್ಕನಿಗೆ ಖುಷಿಯೋ ಖುಷಿ. ಆಕೆ ಮಹಿಳಾ ಸಂಘದ ಅಧ್ಯಕ್ಷೆ. "ಗಾಳಿ ಕುಡ್ಕಂಡು ಹೋಗಾಣ ಕಣಕ್ಕಾ. ಮುಂದಿನ ವಾರ ಸಂಘದ ಸಭೆಗೂ ಇದೇ ಗಾಡಿ. ಈಗ್ಲೇ ಹೇಳಿಟ್ಟಿರ್ತೀನಿ ಕೊಟ್ರೇಶ" ಎಂದಳು.

ಅಷ್ಟರಲ್ಲಿ ಮಗುವನ್ನು ನೋಡಲು ಬಿಂದು ಬಂದಳು. ಬಿಂದು ದಾಕ್ಷಾಯಿಣಿಯ ಗೆಳತಿ, ಅದೇ ಊರಿನ ಹುಡುಗಿ. ಹಿರಿಯೂರಿನ ಡ್ರೈವಿಂಗ್ ಶಾಲೆಯೊಂದರಲ್ಲಿ ಗಾಡಿ ಕಲಿಸುತ್ತಾಳೆ. ಏರ್ಪಾಡು ಕೇಳಿದವಳೇ ಮಗುವನ್ನು ದಾಕ್ಷಾಯಿಣಿಯ ಕೈಗೆ ಕೊಟ್ಟಳು.

"ಕೊಟ್ರೇಶಣ್ಣ, ಹಿಂದೆ ಜನಾನ ಕೂರಿಸ್ಬೇಡ. ಅದು ಚೀಲಕ್ಕೆ ಮಾಡಿರೋ ಗಾಡಿ."

"ಊರೆಲ್ಲ ಹಂಗೇ ಹೋಗ್ತೈತಲ್ಲ. ಏನಾಗೈತೆ ಯಾರಿಗಾದ್ರೂ?"

"ಆಗಿರೋರು ಬಂದು ಹೇಳ್ತಾರಾ ನಿಂಗೆ?" ಬಿಂದು ಸುತ್ತ ನೋಡಿ, ಗೋಡೆಗೆ ಒರಗಿಸಿದ್ದ ಮೊರವನ್ನು ತೆಗೆದುಕೊಂಡಳು. ಅದರ ಮೇಲೆ ಒಂದು ಖಾಲಿ ಚೆಂಬು ನಿಲ್ಲಿಸಿ, ಮೊರವನ್ನು ನೆಲದ ಮೇಲೆ ಜೋರಾಗಿ ತಳ್ಳುತ್ತಾ ಹೋಗಿ ತಟ್ಟನೆ ನಿಲ್ಲಿಸಿದಳು. ಮೊರ ನಿಂತಿತು. ಚೆಂಬು ನಿಲ್ಲಲಿಲ್ಲ. ಅಂಚು ಹಾರಿ ಉರುಳಿಕೊಂಡು ಹೋಗಿ ಹೊಸಿಲಿಗೆ ಬಡಿಯಿತು.

"ಬ್ರೇಕ್ ಹಿಡಿಯೋದು ಗಾಡೀನ. ಅದರಾಗೆ ಕುಂತೋರ್ನ ಹಿಡಿಯೋದು ಬೆಲ್ಟು. ಹಿಂದೆ ಬೆಲ್ಟ್ ಎಲ್ಲೈತೆ? ಸೀಟೇ ಇಲ್ಲ."

"ನಮ್ಮಮ್ಮ ಏನು ಚೆಂಬೇನೆ?" ಎಂದ ಕೊಟ್ರೇಶ್. ಚಂದ್ರಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು.

ಬಿಂದು ನಗಲಿಲ್ಲ. "ಇನ್ನೊಂದು ಮಾತು. ಹೇರು ಇಲ್ದಾಗ ಪಿಕಪ್‌ನ ಹಿಂದಿನ ಭಾಗ ಹಗುರ. ಜೋರಾಗಿ ಹೋಗ್ತಾ ಬ್ರೇಕ್ ಹೊಡೆದ್ರೆ ಹಿಂದಿನ ಚಕ್ರ ಜಾರ್ತವೆ, ಗಾಡಿ ತಿರುಗಿಬಿಡ್ತೈತೆ. ವೇಗ ಎರಡು ಪಟ್ಟಾದ್ರೆ ಬ್ರೇಕ್ ಹಾಕಿ ನಿಲ್ಲೋಕೆ ನಾಲ್ಕು ಪಟ್ಟು ದಾರಿ ಬೇಕು. ಕಾರು ಓಡಿಸಿದಂಗೆ ಇದನ್ನ ಓಡಿಸ್ಬೇಡ. ಕೂಸನ್ನ ತೊಡೆ ಮೇಲೆ ಇಟ್ಕಂಡು ಮುಂದಿನ ಸೀಟಲ್ಲಿ ಕೂರೋದೂ ಒಳ್ಳೇದಲ್ಲ. ಗೂಡ್ಸ್ ಗಾಡಿ ಹಿಂದೆ ಜನ ಹೇರೋಕೆ ಕಾನೂನು ಒಪ್ಪಲ್ಲ. ನಾಳೆ ಏನಾದ್ರೂ ಆದ್ರೆ ವಿಮೆ ದುಡ್ಡು ಬರೋದೂ ಕಷ್ಟ."

"ಗೃಹಪ್ರವೇಶಕ್ಕೆ ಹೊರಟೋರ ಮುಂದೆ ಇದೇನು ಮಾತು ತಾಯಿ" ಎಂದು ಕೊಟ್ರೇಶ್ ಎದ್ದು ಹೋದ.

ಶಿವಗಂಗಮ್ಮ ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಿಂದು ಹೋದ ಮೇಲೆ ಎದ್ದು ಅಂಗಳಕ್ಕೆ ಬಂದು, ಪಿಕಪ್‌ನ ಪಕ್ಕದಲ್ಲಿ ನಿಂತಳು. ಕೊಟ್ರೇಶ್ ಆಗಲೇ ಕುರ್ಚಿಯನ್ನು ಮೇಲಿಟ್ಟು ಸುತಳಿಯಿಂದ ಕಟ್ಟಿದ್ದ. ಗಾಡಿಯ ಬದಿಯ ಅಡ್ಡಹಲಗೆ ಕುರ್ಚಿಯ ಕೈಯಷ್ಟು ಎತ್ತರಕ್ಕೂ ಬರುತ್ತಿರಲಿಲ್ಲ. ತಾನು ಅದರಲ್ಲಿ ಕುಳಿತರೆ ಸೊಂಟದಿಂದ ಮೇಲೆಲ್ಲ ಬಯಲು. ಹಿಡಿದುಕೊಳ್ಳಲು ಏನಿದೆ ಎಂದು ಹುಡುಕಿದಳು. ಏನೂ ಇರಲಿಲ್ಲ.

ಬೆಳಿಗ್ಗೆ ಎಲ್ಲರೂ ಸೀರೆ ಉಟ್ಟು ಹೂ ಮುಡಿದು ಬಂದರು. ಕೊಟ್ರೇಶ್ ಹಿಂಬಾಗಿಲು ಇಳಿಸಿ, "ಬಾರಮ್ಮ, ಎತ್ತಿ ಕೂರಿಸ್ತೀನಿ" ಎಂದ.

"ನಾನು ಬಸ್ಸಿಗೆ ಬರ್ತೀನಿ" ಎಂದಳು ಶಿವಗಂಗಮ್ಮ.

"ಅಯ್ಯೋ ಅಮ್ಮಾ, ಆ ಮೊಣಕಾಲು ಇಟ್ಕಂಡು ಬಸ್ಸು ಹತ್ತೋಕಾಗ್ತೈತಾ?"

"ನಿಧಾನಕ್ಕೆ ಹತ್ತುತ್ತೀನಿ. ಕಂಡಕ್ಟರು ಕೈ ಕೊಡ್ತಾನೆ."

"ಆ ಬಿಂದು ಹೇಳಿದ್ದು ತಲೇಲಿ ಕುಂತೈತಾ?"

"ಕುಂತೈತೆ. ನಾನು ಸಿಟ್ಟಿನಿಂದ ಹೇಳ್ತಿಲ್ಲ ಕಣಪ್ಪ. ನಂಗೆ ಹೆದ್ರಿಕೆ ಆಗ್ತೈತೆ, ಅಷ್ಟೇ." ಹಾಗೆಂದು ಆಕೆ ಬ್ಯಾಗು ಹಿಡಿದು ಬಸ್ ನಿಲ್ದಾಣದ ಕಡೆ ನಡೆದೇಬಿಟ್ಟಳು.

ಹಿರಿಯಳು ನಡೆದ ಮೇಲೆ ಉಳಿದವರು ಗಾಡಿ ಹತ್ತುವುದು ಹೇಗೆ? ದಾಕ್ಷಾಯಿಣಿ ಮಗುವನ್ನು ಎತ್ತಿಕೊಂಡು ಮುಂದಿನ ಸೀಟಿನಿಂದ ಕೆಳಗಿಳಿದಳು. ಗಂಡನಿಗೆ ಇಷ್ಟು ಮಾತ್ರ ಹೇಳಿದಳು: "ಬೆಲ್ಟ್ ಹಾಕ್ಕಳ್ರಿ. ನಿಧಾನಕ್ಕೆ ಬರ್ರಿ." ಚಂದ್ರಕ್ಕ ಕೊನೆಯವಳು. ಸಿಕ್ಕಿದ ಗಾಳಿ ಕೈತಪ್ಪಿತಲ್ಲ ಎಂದು ಗೊಣಗುತ್ತಲೇ, "ಹೆಂಗಸ್ರಿಗೆ ಹೆಂಗೂ ಬಸ್ಸು ಪುಕ್ಕಟೆ, ಹೋಗ್ಲಿ ಬಿಡು" ಎಂದು ಆಕೆಯೂ ಹಿಂದೆ ಬಂದಳು.

ಬಸ್ಸು ತಡವಾಗಿಯೇ ಬಂತು. ಕಂಡಕ್ಟರ್ ಕೈ ಕೊಟ್ಟ. ದಾಕ್ಷಾಯಿಣಿ ಹಿಂದಿನಿಂದ ಆಸರೆಯಾದಳು. ಶಿವಗಂಗಮ್ಮ ನರಳುತ್ತಾ ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದಳು. ಬಸ್ಸು ಎರಡು ಊರು ದಾಟಿರಬೇಕು, ಹಿಂದಿನಿಂದ ಉದ್ದನೆಯ ಹಾರನ್ ಕೇಳಿಸಿತು. ತಡವಾಗಿ ಹೊರಟಿದ್ದ ಕೆಂಪು ಪಿಕಪ್ ಬಸ್ಸನ್ನು ಹಿಂದೆ ಹಾಕಿ ಹೋಯಿತು. ಹಿಂದಿನ ಕುರ್ಚಿ ಗಡಗಡ ಅಲುಗುತ್ತಿತ್ತು. ಕೊಟ್ರೇಶ್ ಕಿಟಕಿಯಿಂದ ಕೈ ಆಡಿಸಿದ. ನೋಡನೋಡುತ್ತಲೇ ತಿರುವಿನಲ್ಲಿ ಮಾಯವಾದ.

"ನೋಡಕ್ಕಾ, ಎಷ್ಟು ಬೇಗ ಮುಟ್ತಾನೆ. ನಾವು ಇನ್ನೂ ಇಲ್ಲೇ ತೆವಳ್ತಾ ಇದ್ದೀವಿ" ಎಂದಳು ಚಂದ್ರಕ್ಕ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸು ನಿಧಾನವಾಯಿತು, ಆಮೇಲೆ ನಿಂತೇಬಿಟ್ಟಿತು. ರಸ್ತೆಯ ತುಂಬ ಕುರಿಗಳು. ಮುಂದಿನ ಸೀಟಿನವರು ಎದ್ದು ನಿಂತು ನೋಡತೊಡಗಿದರು. "ಯಾವುದೋ ಪಿಕಪ್ ಹೊಡ್ಕಂಡೈತೆ" ಎಂದು ಯಾರೋ ಅಂದರು.

ಶಿವಗಂಗಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು. ಮಗ ಕಾಣಲಿಲ್ಲ. ಗಾಡಿಯೂ ಕಾಣಲಿಲ್ಲ. ಕಂಡದ್ದು ರಸ್ತೆಯಾಚೆಯ ಕಲ್ಲುಗಳ ಮೇಲೆ ಚೂರುಚೂರಾಗಿ ಬಿದ್ದಿದ್ದ ನೀಲಿ ಪ್ಲಾಸ್ಟಿಕ್. ಒಂದು ಕಾಲು ಇಲ್ಲಿ, ಒರಗುವ ಭಾಗ ಅಲ್ಲಿ. ಸುತಳಿಯ ತುಂಡೊಂದು ಜಾಲಿಗಿಡಕ್ಕೆ ಸಿಕ್ಕಿಕೊಂಡು ಗಾಳಿಗೆ ಆಡುತ್ತಿತ್ತು.

ಏಳಬೇಕು ಎಂದುಕೊಂಡಳು. ದಾಕ್ಷಾಯಿಣಿ ಮಗುವನ್ನು ಚಂದ್ರಕ್ಕನ ಮಡಿಲಿಗೆ ಹಾಕಿ ಆಗಲೇ ಇಳಿದು ಓಡಿದ್ದಳು. ಶಿವಗಂಗಮ್ಮ ಸೀಟಿನ ಕಂಬಿ ಹಿಡಿದು, ಒಬ್ಬೊಬ್ಬರ ಹೆಗಲು ಹಿಡಿದು, ಬಾಗಿಲ ತನಕ ಬಂದಳು. ಕಂಡಕ್ಟರ್ ಆಕೆಯನ್ನು ಎತ್ತಿಯೇ ಇಳಿಸಿದ. ಆ ನಾಲ್ಕು ಹೆಜ್ಜೆಯಲ್ಲಿ ತಾನು ಯಾವ ಯಾವ ದೇವರ ಹೆಸರು ಹೇಳಿದೆ ಎಂಬುದು ಆಕೆಗೆ ಆಮೇಲೆ ನೆನಪಾಗಲಿಲ್ಲ.

ಆಗ ದಾಕ್ಷಾಯಿಣಿಯ ದನಿ ಬಂತು. "ಅತ್ತೆ, ಇಲ್ಲೇ ಅವ್ರೆ. ಏನೂ ಆಗಿಲ್ಲ. ಬರ್ರಿ, ನಿಧಾನಕ್ಕೆ ಬರ್ರಿ."

ಪಿಕಪ್ ಪೂರ್ತಿ ಹಿಂದುಮುಂದಾಗಿ ತಿರುಗಿ, ರಸ್ತೆ ಬಿಟ್ಟು ಇಳಿದು, ಹಿಂಭಾಗವನ್ನು ಬೇವಿನ ಮರಕ್ಕೆ ಗುದ್ದಿಕೊಂಡು ನಿಂತಿತ್ತು. ಹಿಂಬಾಗಿಲು ಮಡಚಿಹೋಗಿತ್ತು. ಮರದ ನೆರಳಿನಲ್ಲಿ ಕೊಟ್ರೇಶ್ ನೆಲಕ್ಕೆ ಕುಳಿತಿದ್ದ. ಹುಬ್ಬಿನ ಮೇಲೆ ಸಣ್ಣ ಗಾಯ. ಕುರಿ ಕಾಯುವ ಚಿತ್ತಯ್ಯ ತನ್ನ ಬಾಟಲಿಯಿಂದ ಅವನಿಗೆ ನೀರು ಕುಡಿಸುತ್ತಿದ್ದ.

ಶಿವಗಂಗಮ್ಮ ಮಗನ ತಲೆ ಮುಟ್ಟಿದಳು, ಹೆಗಲು ಮುಟ್ಟಿದಳು, ಕೈಬೆರಳುಗಳನ್ನು ಮಡಚಿ ನೋಡಿದಳು. ಚಿಕ್ಕಂದಿನಲ್ಲಿ ಮರದಿಂದ ಬಿದ್ದಾಗ ನೋಡಿದ ಹಾಗೆ.

"ಬೆಲ್ಟ್ ಹಾಕ್ಕಂಡಿದ್ಯಾ?"

"ಹ್ಞೂ. ಇವಳು ಬೈತಾಳೆ ಅಂತ ಹಾಕ್ಕಂಡೆ." ಅವನು ರಸ್ತೆಯ ಕಡೆ ಕೈ ತೋರಿಸಿದ. "ತಿರುವು ಮುಗೀತಿದ್ದಂಗೆ ಕುರಿ ಅಡ್ಡ ಬಂದ್ವು. ಬ್ರೇಕ್ ಹೊಡೆದೆ ಅಮ್ಮ. ಹಿಂದ್ಗಡೆ ನನ್ನ ಮಾತೇ ಕೇಳ್ಲಿಲ್ಲ. ಬುಗುರಿ ಹಂಗೆ ತಿರುಗಿಬಿಡ್ತು."

"ನನ್ನ ಕುರಿ ಒಂದಕ್ಕೂ ಏನಾಗಿಲ್ಲ ಬಿಡ್ರಿ" ಎಂದ ಚಿತ್ತಯ್ಯ. "ಆದ್ರೆ ಆ ಕುರ್ಚಿ ನನ್ನ ತಲೆ ಮೇಲೆ ಹಾರ್ಕಂಡು ಹೋಯ್ತು. ಅದರಾಗೆ ಯಾರೋ ಅವ್ರೆ ಅಂತ ಕಣ್ಣು ಮುಚ್ಕಂಡುಬಿಟ್ಟೆ."

ಕೊಟ್ರೇಶ್ ಕಲ್ಲುಗಳ ಕಡೆ ನೋಡಿದ. ತಾಯಿಯ ಕಡೆ ನೋಡಿದ. ಆಮೇಲೆ ತಾಯಿಯ ಸೆರಗು ಹಿಡಿದುಕೊಂಡು ಅತ್ತ. ಅಷ್ಟು ದೊಡ್ಡ ಗಂಡಸು ರಸ್ತೆಬದಿಯಲ್ಲಿ ಅಳುವುದನ್ನು ಬಸ್ಸಿನವರೆಲ್ಲ ನೋಡಿದರು, ಯಾರೂ ನಗಲಿಲ್ಲ. ಚಂದ್ರಕ್ಕ ಮಗುವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಜಮಖಾನ ಹಾಸಿದ್ದ ಜಾಗವನ್ನು ನೋಡುತ್ತಿದ್ದಳು.

"ಅಳಬೇಡ" ಎಂದಳು ಶಿವಗಂಗಮ್ಮ. "ನೀನೂ ಇದ್ದೀಯ, ನಾನೂ ಇದ್ದೀನಿ. ನಿಮ್ಮಕ್ಕ ಹಾಲು ಉಕ್ಕಿಸೋಕೆ ಕಾಯ್ತಿರ್ತಾಳೆ. ಏಳು, ಬಸ್ಸು ಹತ್ತು."

ಗಾಡಿಯನ್ನು ನೋಡಿಕೊಳ್ಳುವೆನೆಂದು ಚಿತ್ತಯ್ಯ ಅಲ್ಲೇ ಉಳಿದ. ಹಿರಿಯೂರಿನಲ್ಲಿ ಇಳಿದು ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು, ಊಟ ಮುಗಿದಿರಲಿಲ್ಲ. ಶಿವಗಂಗಮ್ಮ ಆ ದಿನ ಮೂರು ಹೋಳಿಗೆ ತಿಂದಳು. ಆಕೆಗಿದ್ದ ಸಕ್ಕರೆ ಕಾಯಿಲೆಯ ನೆನಪು ಮಾಡಲು ಯಾರಿಗೂ ಮನಸ್ಸಾಗಲಿಲ್ಲ.

ಬಿಂದುವೂ ಊಟಕ್ಕೆ ಬಂದಿದ್ದಳು. ಸುದ್ದಿ ಕೇಳಿ, "ನಾನು ಹೇಳಿರ್ಲಿಲ್ವಾ" ಎನ್ನಲಿಲ್ಲ. ಕೊಟ್ರೇಶನೇ ಅವಳ ಎದುರು ಬಂದು ಕುಳಿತ.

"ಪಿಕಪ್ ವ್ಯಾಪಾರಕ್ಕೆ ಬೇಕು, ಮಾರೋಕಾಗಲ್ಲ. ಖಾಲಿ ಗಾಡಿ ಹೆಂಗೆ ಓಡಿಸ್ಬೇಕು, ಹೇರಿದ ಗಾಡಿ ಹೆಂಗೆ ಓಡಿಸ್ಬೇಕು, ಕಲಿಸ್ತೀಯಾ?"

"ನಿಂಗೆ ನಾನು ಕಲಿಸ್ಬೇಕಾ ಅಣ್ಣ?"

"ಬೇಕು" ಎಂದ ಕೊಟ್ರೇಶ್.

ಈಗ ಆ ಮನೆಯ ನಿಯಮ ಸರಳ. ಶೇಂಗಾ ಪಿಕಪ್‌ನಲ್ಲಿ, ಮನೆಯವರು ಬಸ್ಸಿನಲ್ಲಿ. ತುರ್ತಿದ್ದರೆ ಬಾಡಿಗೆ ಕಾರು. ಕೊಟ್ರೇಶ್ ಮೊದಲಿಗಿಂತ ಸ್ವಲ್ಪ ಬೇಗ ಮನೆ ಬಿಡುತ್ತಾನೆ. ದಾರಿಯಲ್ಲಿ ಯಾರಾದರೂ ಹಾರನ್ ಹೊಡೆದು ಮುಂದೆ ಹೋದರೆ ಎಡಕ್ಕೆ ಸರಿದು ದಾರಿ ಬಿಡುತ್ತಾನೆ.

ಸಂಘದ ಸಭೆಯ ದಿನ ಹತ್ತಿರ ಬಂದಾಗ ಹಿಂದಿನ ಬೀದಿಯ ಜುಂಜಣ್ಣ ತನ್ನ ಗೂಡ್ಸ್ ಗಾಡಿ ತರುತ್ತೇನೆಂದು ಬಂದ. "ಎಲ್ಲರ್ನೂ ಒಂದೇ ಟ್ರಿಪ್ಪಲ್ಲಿ ಬಿಡ್ತೀನಿ ಚಂದ್ರಕ್ಕ. ನಿಧಾನಕ್ಕೇ ಓಡಿಸ್ತೀನಿ."

"ಹೇರೋದಾದ್ರೆ ಚೀಲ ಹೇರಪ್ಪ" ಎಂದಳು ಚಂದ್ರಕ್ಕ. "ನಾವು ಸೀಟಿರೋ ಗಾಡೀಲಿ ಹೋಗ್ತೀವಿ. ಮಿನಿಬಸ್ಸಿಗೆ ಹೇಳಿದ್ದೀನಿ, ಎಲ್ಲ ಸೇರಿ ದುಡ್ಡು ಹಾಕ್ಕಂತೀವಿ. ಯಾಕೆ ಅಂತ ಕೇಳ್ಬೇಕಾದ್ರೆ ಕುಂತ್ಕ, ಹೇಳ್ತೀನಿ." ಜುಂಜಣ್ಣ ಕುಳಿತ. ಆಕೆ ಮೊದಲಿನಿಂದ ಹೇಳಿದಳು.

ಓದುವ ಅಕ್ಕ, ಕೇಳುವ ಅಣ್ಣ, ಇನ್ನು ನಿಮಗೊಂದು ಮಾತು. ನಿಮ್ಮ ಊರಿನಲ್ಲೂ ಪಿಕಪ್ ಇದೆ, ನಿಮ್ಮನ್ನೂ ಕರೆಯುತ್ತಾರೆ. ಕರೆಯುವವರು ಕೆಟ್ಟವರಲ್ಲ, ನಮ್ಮವರೇ. ಮದುವೆಗಿರಲಿ, ಕೂಲಿಗಿರಲಿ, ಸಭೆಗಿರಲಿ, ಗೂಡ್ಸ್ ಗಾಡಿಯ ಹಿಂದೆ ಹತ್ತಬೇಡಿ, ಮಕ್ಕಳನ್ನು ಹತ್ತಿಸಬೇಡಿ. ಗಾಡಿ ಬದಲಿಸುವ ಯೋಚನೆ ಇದ್ದರೆ ಎಷ್ಟು ಜೋರಾಗಿ ಓಡುತ್ತದೆ ಎಂದು ಕೇಳುವ ಮೊದಲು ಮನೆಯವರೆಲ್ಲ ಎಲ್ಲಿ ಕೂರುತ್ತಾರೆ ಎಂದು ಕೇಳಿ. ಓಡಿಸುವವರು ನೀವಾದರೆ ಬೆಲ್ಟ್ ಹಾಕಿ, ಖಾಲಿ ಗಾಡಿಯನ್ನು ಇನ್ನೂ ನಿಧಾನವಾಗಿ ಓಡಿಸಿ. ಹತ್ತಲು ಭಯವಾದರೆ "ನಂಗೆ ಹೆದ್ರಿಕೆ ಆಗ್ತೈತೆ" ಎಂದು ಬಾಯಿಬಿಟ್ಟು ಹೇಳಿ, ನಾಚಿಕೊಳ್ಳಬೇಡಿ. ನೀವು ಹಿಂದೆ ಸರಿದರೆ ನಿಮ್ಮ ಹಿಂದೆ ಇನ್ನೂ ನಾಲ್ಕು ಜನ ಇಳಿಯುತ್ತಾರೆ. ತಡವಾಗಿ ಹೋದರೂ ಊಟ ಸಿಗುತ್ತದೆ.