ಯಾರ ಬಲಗೈ?

ನಾನೊಂದು ವಿಗ್ರಹ. ಹಾಗೆಂದು ಮುಟ್ಟಲು ಬರಬೇಡಿ, ಕೈಗೆ ಬರೀ ಗಾಜು ಸಿಗುತ್ತದೆ. ನನ್ನಲ್ಲಿ ಕಲ್ಲಿಲ್ಲ, ಲೋಹವಿಲ್ಲ, ಉಳಿಯ ಪೆಟ್ಟು ನಾನು ತಿಂದವನಲ್ಲ. ಮೈಸೂರಿನಲ್ಲಿ ಟೈರ್ ಅಂಗಡಿಯೊಂದರ ಮೇಲಿನ ಸ್ಟುಡಿಯೋ ಕೋಣೆಯಲ್ಲಿ, ಕಂಪ್ಯೂಟರಿನೊಳಗೆ, ವಾರಿಜಾ ಎಂಬ ಹುಡುಗಿಯ ಕೈಯಲ್ಲಿ ಹುಟ್ಟಿದೆ. ಹುಟ್ಟಿದಾಗ ನಾನು ಒಂದು ಬೂದುಬಣ್ಣದ ಉಂಡೆ. ಆಕೆ ಅದನ್ನು ಎಳೆದು, ಒತ್ತಿ, ತೀಡಿ ಮೂಗು ತೆಗೆದಳು, ಕಿರೀಟ ಇಟ್ಟಳು, ನಾಲ್ಕು ಕೈ ಕೊಟ್ಟಳು. ಹೊಯ್ಸಳರ ಕಾಲದವನಂತೆ ಕಾಣುವ ಕೇಶವನಾದೆ. ನನ್ನ ಸುತ್ತ ಪುಟ್ಟ ಗುಡಿಯೊಂದನ್ನೂ ಕಟ್ಟಿ, ಬಳೆ ಬಳೆಯಾಗಿ ಕಡೆದಂಥ ಕಂಬ ನಿಲ್ಲಿಸಿ, ಬಾಗಿಲಿನಿಂದ ಸಂಜೆ ಬಿಸಿಲು ಬೀಳುವಂತೆ ಮಾಡಿದಳು. ಅಲ್ಲಿಗೆ ನನ್ನ ಸುಖದ ದಿನಗಳು ಮುಗಿದವು.

ನನ್ನನ್ನು ಮಾಡಿಸಿದವರು ಅರಸೀಕೆರೆಯ ಮಾಧವಯ್ಯನವರು, ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ತೀರಿಕೊಂಡ ಅಣ್ಣ ಕೇಶವಯ್ಯನ ನೆನಪಿಗೆ ತಮ್ಮ ಸೈಟಿನಲ್ಲಿ ಒಂದು ಕೇಶವನ ಗುಡಿ ಕಟ್ಟಿಸಬೇಕೆಂಬುದು ಅವರ ಆಸೆ. ಮೊದಲು ಕಂಪ್ಯೂಟರಿನಲ್ಲಿ ನಾನು ಸಿದ್ಧನಾಗಬೇಕು, ಆಮೇಲೆ ನನ್ನನ್ನು ನೋಡಿಕೊಂಡು ಯಂತ್ರ ಕಲ್ಲು ಕೊರೆಯಬೇಕು. ಪಾಪ, ಒಳ್ಳೆಯ ಮನುಷ್ಯ. ಆದರೆ ಒಳ್ಳೆಯವರು ಕೊಡುವ ಕಾಟವನ್ನು ಕೆಟ್ಟವರು ಜನ್ಮದಲ್ಲಿ ಕೊಡಲಾರರು.

ದಿನಕ್ಕೊಂದು ಫೋನು. ಮೂಗು ಸ್ವಲ್ಪ ಉದ್ದವಾಯಿತಂತೆ. ಉದ್ದ ಇಳಿಸಿದರೆ ಸ್ವಲ್ಪ ಮೊಂಡಾಯಿತಂತೆ. ನಗು ಬೇಕಂತೆ, ಆದರೆ ನಕ್ಕಂತೆ ಕಾಣಬಾರದಂತೆ. ಅಣ್ಣನಿಗೆ ಮೀಸೆ ಇತ್ತು, ದೇವರಿಗೂ ಒಂದಿಷ್ಟು ಇಟ್ಟರೆ ತಪ್ಪೇ ಎಂದು ಒಂದು ದಿನ ಕೇಳಿಯೇಬಿಟ್ಟರು. ಸ್ಟುಡಿಯೋದ ಯಜಮಾನ ಧನಂಜಯ ಎಲ್ಲದಕ್ಕೂ ‘ಆಗಲಿ ಸರ್’ ಅನ್ನುವವನು. ಫೋನಿಟ್ಟ ಮೇಲೆ ಹಣೆ ಚಚ್ಚಿಕೊಳ್ಳುವವನೂ ಅವನೇ. ನನ್ನ ಮೂಗನ್ನು ಎಳೆದೆಳೆದು ವಾರಿಜಾಳ ಮಣಿಕಟ್ಟು ಊದಿಕೊಂಡಿತು. ನನಗೋ ಮುಖವೇ ಬೇಡವೆನ್ನಿಸಿತ್ತು.

ಇಷ್ಟೆಲ್ಲ ಸಹಿಸಿದೆ. ಸಹಿಸಲಾಗದ್ದು ಕೈಯ ವಿಷಯ.

ವಿಷ್ಣುವಿಗೆ ಇಪ್ಪತ್ತನಾಲ್ಕು ರೂಪ. ಮುಖ ಒಂದೇ, ಮೈ ಒಂದೇ. ಶಂಖ, ಚಕ್ರ, ಗದೆ, ಪದ್ಮ ಯಾವ ಯಾವ ಕೈಯಲ್ಲಿವೆ ಎನ್ನುವುದರ ಮೇಲೆ ಹೆಸರು. ಕೇಶವನಾದರೆ ಬಲದ ಎರಡು ಕೈಗಳಲ್ಲಿ ಶಂಖ, ಪದ್ಮ. ಎಡದ ಎರಡರಲ್ಲಿ ಚಕ್ರ, ಗದೆ. ವಾರಿಜಾ ಓದಿ ತಿಳಿದುಕೊಂಡು ಹಾಗೆಯೇ ಇಟ್ಟಿದ್ದಳು. ಮಾಧವಯ್ಯನವರಿಗೂ ಅವರ ಪುರೋಹಿತರು ಶಂಖ ಬಲಗೈಯಲ್ಲಿರಬೇಕು ಎಂದು ಹೇಳಿ ಕಳಿಸಿದ್ದರು. ಮಾಧವಯ್ಯನವರು ಫೋನಿನಲ್ಲಿ ಬಂದ ನನ್ನ ಚಿತ್ರದ ಮುಂದೆ ತಮ್ಮ ಬಲಗೈ ಎತ್ತಿ ಹಿಡಿದು ನೋಡಿದರಂತೆ. ಶಂಖ ಆಚೆ ಕಡೆ ಕಂಡಿತು. ತಕ್ಷಣ ಫೋನು.

“ಶಂಖ ಎಡಗೈಲಿ ಬಂದಿದೆಯಲ್ಲಮ್ಮ.”

“ಸರ್, ಅದು ದೇವರ ಬಲಗೈ. ನಿಮ್ಮ ಎದುರಿಗೆ ನಿಂತಿದಾನಲ್ಲ, ಅದಕ್ಕೆ ಹಾಗೆ ಕಾಣ್ಸುತ್ತೆ.”

“ನನ್ನ ಬಲಗೈ ಯಾವುದು ಅಂತ ನನಗೆ ಗೊತ್ತಿಲ್ವೇನಮ್ಮ?”

ಇದಕ್ಕೆ ಏನು ಹೇಳುತ್ತೀರಿ? ವಾರಿಜಾ ಬಗೆಬಗೆಯಾಗಿ ಬಿಡಿಸಿ ಹೇಳಿದಳು. ಅವರು ತಮ್ಮ ಬಲಗೈ ಬಿಟ್ಟುಕೊಡಲಿಲ್ಲ. ಮರುವಾರ ಆಕೆ ಚಿಕ್ಕಮ್ಮನ ಮಗಳ ಮದುವೆಗೆಂದು ರಜೆ ಹಾಕಿದಳು. ಮತ್ತೆ ಫೋನು ಬಂದಾಗ ಧನಂಜಯನಿಗೆ ತಲೆ ಕೆಟ್ಟುಹೋಯಿತು. ‘ಆಗಲಿ ಸರ್’ ಅಂದವನೇ ಕುರ್ಚಿ ಎಳೆದುಕೊಂಡು ನನ್ನನ್ನು ತೆರೆದ. ಕನ್ನಡಿಯಲ್ಲಿ ಕಂಡಂತೆ ಅದಲು ಬದಲು ಮಾಡುವ ಒಂದು ಗುಂಡಿ ಇದೆ. ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಎಡ ಬಲವಾಯಿತು, ಬಲ ಎಡವಾಯಿತು. ‘ಅಯ್ಯಾ, ಬೇಡ’ ಎಂದು ಕೂಗೋಣವೆಂದರೆ ನನಗೆ ದನಿ ಯಾರು ಕೊಟ್ಟಿದ್ದಾರೆ? ‘ಕೇಶವ ಫೈನಲ್’ ಎಂದು ಹೆಸರಿಟ್ಟು ಕಲ್ಲಿನ ಕಾರ್ಖಾನೆಗೆ ಕಳಿಸಿಯೂ ಬಿಟ್ಟ. ವಾರಿಜಾ ಬಂದಾಗ, ಎಲ್ಲ ಮುಗಿಯಿತು, ಸಾಹೇಬರು ಒಪ್ಪಿದರು ಎಂದಷ್ಟೇ ಹೇಳಿದ.

ಕಲ್ಲು ಕೊರೆದದ್ದಾಯಿತು, ನುಣುಪು ಮಾಡಿದ್ದಾಯಿತು, ಅರಸೀಕೆರೆಗೆ ಹೋದದ್ದೂ ಆಯಿತು. ಪುರೋಹಿತರು ಬಂದು ಕೈಗಳನ್ನು ನೋಡಿ, ಇವನು ಕೇಶವನಲ್ಲ, ಮಾಧವ ಎಂದರು.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂಬ ಗಾದೆ ಇದೆಯಲ್ಲ, ಇಲ್ಲಿ ಅಣ್ಣನನ್ನು ಮಾಡಲು ಹೋಗಿ ತಮ್ಮನನ್ನು ಮಾಡಿದ್ದರು. ನೆಂಟರಿಷ್ಟರಿಗೆ ಅಷ್ಟೇ ಸಾಕಿತ್ತು. ಅಣ್ಣನ ಹೆಸರು ಹೇಳಿ ತನ್ನ ಗುಡಿ ತಾನೇ ಕಟ್ಟಿಸಿಕೊಂಡ ಎಂದು ಆಡಿಕೊಂಡು ನಕ್ಕರಂತೆ.

ಮಾರನೆಯ ಬೆಳಗ್ಗೆ ಮಾಧವಯ್ಯನವರು ಏದುಸಿರು ಬಿಡುತ್ತಾ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದರು. ವಾರಿಜಾ ಅವರನ್ನು ಪರದೆಯ ಮುಂದೆ ಕರೆದಳು. ನನ್ನನ್ನು ತೆರೆದು ಆ ಗುಂಡಿ ಒತ್ತಿದಳು: ಕೇಶವ. ಮತ್ತೆ ಒತ್ತಿದಳು: ಮಾಧವ. ಆಮೇಲೆ ಅವರ ಎದುರಿಗೆ ತಾನೇ ನಿಂತು ಬಲಗೈ ಎತ್ತಿದಳು. ಅವರೂ ಎತ್ತಿದರು. ಎರಡು ಕೈ ಎರಡು ಕಡೆಗಾದವು. ಅವರು ತಮ್ಮ ಕೈಯನ್ನೇ ನೋಡುತ್ತಾ ಕೂತುಬಿಟ್ಟರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಕಾಣೆ.

ಧನಂಜಯ ಸಮಾಧಾನಕ್ಕೆಂದು, ಹರಿ ಒಬ್ಬನೇ ಅಲ್ಲವೇ ಸರ್, ಕೇಶವ ಅಂತಲೇ ಕರೆದರಾಯಿತು ಎಂದ.

“ಅಪ್ಪ ಅಮ್ಮ ಹೋದ್ಮೇಲೆ ನಮ್ಮಣ್ಣ ಸ್ಕೂಲು ಬಿಟ್ಟು ದಿನಸಿ ಅಂಗಡೀಲಿ ಪೊಟ್ಟಣ ಕಟ್ಟಿ ನನ್ನ ಓದಿಸ್ದ,” ಎಂದರು ಮಾಧವಯ್ಯ. “ಊಟಕ್ಕೆ ಕೂತ್ರೆ ನನಗೇ ಮೊದಲು ಬಡಿಸ್ಬೇಕು. ಬಸ್ಸಲ್ಲಿ ಒಂದು ಸೀಟಿದ್ರೆ ನಾನೇ ಕೂರ್ಬೇಕು. ಇದೊಂದ್ರಲ್ಲಾದ್ರೂ ಅವನು ಮುಂದೆ ನಿಲ್ಲಲಿ ಅಂದ್ಕೊಂಡಿದ್ದೆ ಕಣಪ್ಪ. ಇಲ್ಲೂ ನಾನೇ ಬಂದು ನಿಂತ್ಬಿಟ್ಟೆ.”

ಧನಂಜಯ ಕಲ್ಲಿನ ಕಾರ್ಖಾನೆಗೆ ಫೋನು ಮಾಡಿದ. ಇನ್ನೊಂದು ಕಲ್ಲು ತರಿಸುವುದೆಂದಾಯಿತು. ಅಷ್ಟು ದೊಡ್ಡದು ಸಿಗಲಿಲ್ಲ, ಸಿಕ್ಕಿದ್ದು ಅದರ ಅರ್ಧ. ವಾರಿಜಾ ನನ್ನನ್ನು ಮತ್ತೆ ಕೇಶವನಾಗಿ ತಿರುಗಿಸಿ, ಚಿಕ್ಕದು ಮಾಡಿ, ಕಳಿಸುವ ಮೊದಲು ಒಂದೊಂದು ಕೈಯನ್ನೂ ತೋರಿಸಿ ತೋರಿಸಿ ಮಾಧವಯ್ಯನವರ ಒಪ್ಪಿಗೆ ಪಡೆದಳು. ಕೊರೆದಾಗಿದ್ದ ಮಾಧವನನ್ನು ಎಸೆಯುವಂತಿಲ್ಲ. ಹಳೆಯ ಗುಡಿಗಳ ಹೊರಗೋಡೆಯಲ್ಲಿ ಇಂಥ ರೂಪಗಳು ಸಾಲಾಗಿ ನಿಂತಿರುತ್ತವಲ್ಲ, ಅದನ್ನು ನೆನೆದು ಆಕೆ ನನ್ನ ಗುಡಿಯ ಹೊರಗೋಡೆಯಲ್ಲಿ, ಬಾಗಿಲ ಪಕ್ಕ, ಒಂದು ಗೂಡು ಬರೆದಳು. ಅರಸೀಕೆರೆಯಲ್ಲಿ ಗುಡಿಯನ್ನು ಹಾಗೆಯೇ ಕಟ್ಟಿದರು: ಚಿಕ್ಕ ಕೇಶವ ಒಳಗೆ, ದೊಡ್ಡ ಮಾಧವ ಆ ಗೂಡಿನಲ್ಲಿ ನಿಂತ.

ಆ ಸ್ಟುಡಿಯೋ ಈಗಿಲ್ಲ. ವಾರಿಜಾಳ ಮನೆಯ ಬೀರುವಿನಲ್ಲಿ ಒಂದು ಹಳೆಯ ಡಿಸ್ಕಿನೊಳಗೆ ನನ್ನ ಮುಪ್ಪು ಕಳೆಯುತ್ತಿದೆ. ಹೊಸ ಸಾಫ್ಟ್‌ವೇರುಗಳು ನನ್ನನ್ನು ಸರಿಯಾಗಿ ತೆರೆಯುವುದಿಲ್ಲ, ತೆರೆದರೂ ಕಲ್ಲಿನ ಬಣ್ಣ ಬರುವುದಿಲ್ಲ, ಮತ್ತೆ ಬೂದು. ಕಷ್ಟಪಟ್ಟು ತಿದ್ದಿಸಿಕೊಂಡ ಮೂಗಿನ ಮೇಲೆ ತೂತು ಬಿದ್ದಿದೆ. ಬೇಸರವಿಲ್ಲವೆಂದರೆ ಸುಳ್ಳು. ಜನ ಎದುರು ನಿಂತವನ ಕಡೆಯಿಂದ ಒಂದು ಸಲ ನೋಡಿದ್ದರೆ ನನಗೂ ಅವರಿಗೂ ಎಷ್ಟು ಕಾಟ ತಪ್ಪುತ್ತಿತ್ತು ಅನ್ನಿಸುತ್ತದೆ.

ಮೊನ್ನೆ ವಾರಿಜಾ ಅರಸೀಕೆರೆಗೆ ಹೋಗಿದ್ದಳಂತೆ. ನನ್ನನ್ನು ತೆರೆದಿಟ್ಟುಕೊಂಡು ಗಂಡನಿಗೆ ಹೇಳುತ್ತಿದ್ದಳು. ಹೊರಗಿನ ಮಾಧವ ದೊಡ್ಡವನು, ಬೆಳಕಿನಲ್ಲಿರುವವನು. ಬಂದವರೆಲ್ಲ ಅಲ್ಲೇ ನಿಂತು ಕೈ ಮುಗಿಯುತ್ತಾರಂತೆ. ಮಾಧವಯ್ಯನವರು ಇಡೀ ದಿನ ಬಾಗಿಲ ಜಗಲಿಯಲ್ಲೇ ಕೂತಿರುತ್ತಾರೆ. ಯಾರು ನಿಂತರೂ ಎದ್ದು ಬಂದು ಒಂದೇ ಮಾತು:

“ಅಲ್ಲಿ ಏನೂ ಇಲ್ಲ, ಮೊದಲು ಒಳಗೆ ಹೋಗಿ. ನಮ್ಮಣ್ಣ ಇದಾನೆ.”