ಕಾಗೆಗುಡ್ಡದ ಹಳದಿ ಪಟ್ಟಿ

ಮಾರ್ಚ್ ತಿಂಗಳ ಮೊದಲ ಭಾನುವಾರ ಹತ್ತಿರ ಬಂತೆಂದರೆ ಮೂರ್‌ಹೋವೆ ಊರಿನ ಗಂಡಸರು ತಮ್ಮ ತಮ್ಮ ಹೊಟ್ಟೆಯನ್ನು ಆವತ್ತೇ ಮೊದಲು ಕಂಡವರ ಹಾಗೆ ನೋಡಿಕೊಳ್ಳುತ್ತಾರೆ. ಫಿರ್ಮಿನ್ ಮಾತ್ರ ನೋಡಿಕೊಳ್ಳಲಿಲ್ಲ. ಚರ್ಚಿನ ಎದುರು ಆಲೂಗಡ್ಡೆ ಕರಿದು ಮಾರುವ ಅಂಗಡಿ ಅವನದು. ಅಂಗಡಿಯವನ ಹೊಟ್ಟೆಯೇ ಅಂಗಡಿಯ ಬೋರ್ಡು, ದೊಡ್ಡದಿದ್ದಷ್ಟೂ ವ್ಯಾಪಾರಕ್ಕೆ ಒಳ್ಳೆಯದು ಎಂಬುದು ಅವನ ವಾದ. ನವೆಂಬರಿನಲ್ಲಿ ಗ್ಯಾರೇಜಿನ ಗೋಡೆಗೆ ನೇತುಹಾಕಿದ್ದ ರೇಸ್ ಸೈಕಲ್ಲು ಇನ್ನೂ ಅಲ್ಲೇ ನೇತಾಡುತ್ತಿತ್ತು. ಮನೆಯೊಳಗೇ ಕೂತು ತುಳಿಯಲೆಂದು ತಂದ ಯಂತ್ರದ ಮೇಲೆ ಚಳಿಗಾಲವಿಡೀ ಅಂಗಿಗಳು ಒಣಗಿದ್ದವು. ಹಾಗಂತ ಅವನು ಸೈಕಲ್ಲನ್ನು ಮರೆತಿದ್ದನೆ? ಛೆ, ಎಲ್ಲಾದರೂ ಉಂಟೆ! ಪ್ರತಿ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಕೆಸರಿನ ಸೈಕಲ್ ಪಂದ್ಯ ನೋಡಿದ್ದ, ಒಂದೂ ತಪ್ಪಿಸದೆ, ಕೈಯಲ್ಲಿ ಬಿಯರು ಹಿಡಿದು. ಪ್ರತಿ ತಿರುವಿನಲ್ಲೂ ಸೋಫಾದ ಮೇಲೆ ಅವನ ಭುಜ ತಾನಾಗಿ ಒಂದು ಕಡೆಗೆ ವಾಲುತ್ತಿತ್ತು.

ಆ ಮೊದಲ ಭಾನುವಾರ 'ಎದುರುಗಾಳಿ' ಸೈಕಲ್ ಸಂಘದ ವರ್ಷದ ಮೊದಲ ಸವಾರಿ. ಫಿರ್ಮಿನ್ ಸಂಘದ ಕ್ಯಾಪ್ಟನ್. ತೋಳಿಗೆ ಹಳದಿ ಪಟ್ಟಿ ಕಟ್ಟಿಕೊಂಡು ಮುಂದೆ ಹೋಗುವವನು ಅವನೇ, ಅಡ್ಡರಸ್ತೆಯಲ್ಲಿ ಕೈ ಎತ್ತಿ ಕಾರು ನಿಲ್ಲಿಸುವವನೂ ಅವನೇ. ಮಗಳು ಪುಟ್ಟ ಚೀಲ ಬೆನ್ನಿಗೇರಿಸಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಆ ಪಟ್ಟಿ ಅವನ ತೋಳಿನಲ್ಲಿದೆ. ಈಗ ಮಗಳು ಗೆಂಟ್ ನಗರದಲ್ಲಿ ತಾನೇ ಟೀಚರು. ಸಂಘದ ಪದ್ಧತಿ ಹೀಗೆ: ಮೊದಲ ಸವಾರಿಯಲ್ಲಿ ಎಲ್ಲರೂ ಕಾಗೆಗುಡ್ಡ ಹತ್ತಬೇಕು, ಗುಡ್ಡದ ಮೇಲಿನ ಕೆಫೆಯಲ್ಲಿ ಮೊದಲ ಲೋಟ ತುಟಿಗೆ ತಾಗುವ ಮುಂಚೆ ಕೈ ಎತ್ತಿ ಆ ವರ್ಷದ ಕ್ಯಾಪ್ಟನ್ನನ್ನು ಆರಿಸಬೇಕು. ಸಂಘದ ಹಿರಿಯ ಸೆರಾಫಿನ್ ಪಟ್ಟಿ ಕಟ್ಟುತ್ತಾರೆ. ಇಷ್ಟು ವರ್ಷ ಅದು ಬರೀ ಶಾಸ್ತ್ರವಾಗಿತ್ತು. ಈ ವರ್ಷ ವಾನಸ್ ಎಂಬ ಎಲೆಕ್ಟ್ರಿಷಿಯನ್, ವಯಸ್ಸು ಇನ್ನೂ ನಲವತ್ತು, ತಾನೂ ಒಂದು ಕೈ ನೋಡುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ಫಿರ್ಮಿನ್‌ನ ಅಂಗಡಿಗೇ ಬಂದು ಹೇಳಿದ್ದ.

"ಒಂದು ಸಣ್ಣ ಪೊಟ್ಟಣ ಕೊಡು ಕ್ಯಾಪ್ಟನ್. ಮೇಯೊನೇಸ್ ಬೇಡ."

"ಮೇಯೊನೇಸ್ ಬೇಡ್ವಾ? ಹುಷಾರಿಲ್ವಾ ನಿಂಗೆ?"

"ತಯಾರಿ ನಡೀತಿದೆ. ಚಳಿಗಾಲ ಪೂರ್ತಿ ಬೆಳಿಗ್ಗೆ ಎದ್ದು ತುಳಿದಿದೀನಿ. ನೀನು?"

"ನಾನು ಹುಟ್ಟಿದಾಗ್ಲೇ ತಯಾರಾಗಿ ಹುಟ್ಟಿದೋನು ಕಣೋ" ಎಂದು ಫಿರ್ಮಿನ್ ಜಾಲರಿ ಸೌಟಿನಿಂದ ಎಣ್ಣೆ ಕೊಡವಿದ.

ಆದರೂ ವಾನಸ್ ಹೋದ ಮೇಲೆ ಫಿರ್ಮಿನ್‌ನ ಮನಸ್ಸಿಗೆ ಒಂದು ಇರುವೆ ಕಚ್ಚಿತು. ಆ ಪಟ್ಟಿ ಹೋದರೆ ಭಾನುವಾರದ ಫಿರ್ಮಿನ್ ಎಂಬುವವನು ಇರುವುದಿಲ್ಲ, ವಾರವಿಡೀ ಆಲೂಗಡ್ಡೆ ಕರಿಯುವವನೊಬ್ಬನೇ ಉಳಿಯುತ್ತಾನೆ. ಅಂದು ಸಂಜೆಯೇ ಸೈಕಲ್ಲು ಗೋಡೆಯಿಂದ ಇಳಿಯಿತು. ಯುದ್ಧಕಾಲೇ ಶಸ್ತ್ರಾಭ್ಯಾಸ ಶುರುವಾಯಿತು.

ಮೊದಲು ಸೈಕಲ್ಲಿನ ತೂಕ. ಗಂಟೆ ಬಿಚ್ಚಿದ, ಬಾಟಲಿ ಇಡುವ ಎರಡು ಕೊಂಡಿಗಳಲ್ಲಿ ಒಂದನ್ನು ಕಿತ್ತ, ಕಬ್ಬಿಣದ ತಿರುಪುಗಳ ಬದಲು ಹಗುರ ಲೋಹದ್ದು ಹಾಕಿದ. ಬಿಚ್ಚಿದ್ದನ್ನೆಲ್ಲ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿ, ಹೆಂಡತಿ ಲೀವಾಳನ್ನು ಕರೆದು ತೋರಿಸಿದ.

ಲೀವಾ ತಕ್ಕಡಿ ನೋಡಿದಳು, ಗಂಡನನ್ನು ನೋಡಿದಳು. "ಒಂದು ಆಲೂಗಡ್ಡೆಯಷ್ಟು ಇಳೀತು. ಊಟದಲ್ಲಿ ಒಂದು ಕಡಿಮೆ ತಿಂದಿದ್ರೆ ಆಗ್ತಿರ್ಲಿಲ್ವಾ?"

"ನಿಂಗಿದೆಲ್ಲ ಅರ್ಥ ಆಗಲ್ಲ ಬಿಡು. ಇದು ವಿಜ್ಞಾನ."

ಆಮೇಲೆ ಸಂಘದ ಜರ್ಸಿ. ಜಿಪ್ಪು ಹೊಕ್ಕುಳಿನವರೆಗೆ ಗೌರವದಿಂದ ಏರಿತು, ಅಲ್ಲಿ ನಿಂತಿತು. ಒಗೆದು ಒಗೆದು ನೀನೇ ಬಟ್ಟೆ ಕುಗ್ಗಿಸಿದ್ದೀಯ ಎಂದು ಅವನು ಹೆಂಡತಿಯ ಮೇಲೆ ತಪ್ಪು ಹೊರಿಸಿದ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ನವೆಂಬರಿನಿಂದ ಅದನ್ನು ಯಾರೂ ಒಗೆದೇ ಇರಲಿಲ್ಲ. ಕೊನೆಗೆ ಲೀವಾ ಹಿಂದಿನಿಂದ ಎರಡೂ ಬದಿ ಒತ್ತಿ ಹಿಡಿದಳು, ಇವನು ಉಸಿರು ಒಳಗೆಳೆದುಕೊಂಡು ಜಿಪ್ಪು ಮೇಲಕ್ಕೆ ಎಳೆದ, ಅದು ಗಂಟಲವರೆಗೂ ಹೋಯಿತು. "ನೋಡಿದ್ಯಾ?" ಎಂದ, ಆದಷ್ಟು ಕಡಿಮೆ ಗಾಳಿ ಖರ್ಚು ಮಾಡಿ.

ಕಡೆಯದು ಕಾಲು. ನಿಜವಾದ ಸವಾರ ಕಾಲಿನ ಕೂದಲು ಬೋಳಿಸದೆ ಸವಾರಿಯ ಋತು ಆರಂಭಿಸುವುದಿಲ್ಲ. ಫಿರ್ಮಿನ್ ಶನಿವಾರ ಬಚ್ಚಲಿನ ತೊಟ್ಟಿಯಲ್ಲಿ ಕೂತು ಹಾಡು ಗುನುಗುತ್ತ ಎರಡೂ ಕಾಲು ಬೋಳಿಸಿದ. ಲೀವಾ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

"ಮದುವೆ ದಿನ ಗಡ್ಡಾನೂ ಇಷ್ಟು ನೀಟಾಗಿ ಬೋಳಿಸ್ಕೊಂಡಿರ್ಲಿಲ್ಲ ನೀನು."

"ಮದುವೆ ದಿನ ಗುಡ್ಡ ಹತ್ತೋದಿರ್ಲಿಲ್ವಲ್ಲ."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಫಿರ್ಮಿನ್, ನಾಳೆ ನಾನೂ ಬರ್ತೀನಿ."

"ಎಲ್ಲಿಗೆ?"

"ಕಾಗೆಗುಡ್ಡಕ್ಕೆ. ಮಗಳ ಹಳೇ ರೇಸ್ ಸೈಕಲ್ಲು ಗ್ಯಾರೇಜಲ್ಲೇ ಇದ್ಯಲ್ಲ, ಚಕ್ರಕ್ಕೆ ಗಾಳಿ ಹೊಡೆದಿಟ್ಟಿದೀನಿ. ಚಳಿಗಾಲದ ಭಾನುವಾರಗಳು ಚೆನ್ನಾಗಿದ್ವು. ನೀನು ಮನೇಲಿದ್ದೆ. ನಾಳೆಯಿಂದ ಮತ್ತೆ ಅಕ್ಟೋಬರ್ ತನಕ ನೀನು ಸಿಗಲ್ಲ. ನಂಗೆ ಬೇಜಾರಾಗತ್ತೆ, ಅದಕ್ಕೇ."

ಫಿರ್ಮಿನ್‌ಗೆ ಒಳಗೊಳಗೇ ಖುಷಿಯಾಯಿತು. ಆದರೆ ಕ್ಯಾಪ್ಟನ್ ಅಂದಮೇಲೆ ಗಾಂಭೀರ್ಯ ಬೇಡವೆ? "ನಿಂಗೆ ಅಭ್ಯಾಸ ಇಲ್ವಲ್ಲೇ" ಎಂದ.

"ದಿನಾ ವೃದ್ಧಾಶ್ರಮಕ್ಕೆ ಡ್ಯೂಟಿಗೆ ಹೋಗಿ ಬರೋದು ಮತ್ತೇನು, ಹೆಲಿಕಾಪ್ಟರಲ್ಲಾ?"

"ಅದು ಸೈಕಲ್ ತುಳಿಯೋದಲ್ಲ. ಕೆಲಸಕ್ಕೆ ಹೋಗೋದು."

ಅವನು ಇದನ್ನು ತಮಾಷೆಗೆ ಹೇಳಿದ್ದಲ್ಲ. ಬುಟ್ಟಿ ಕಟ್ಟಿದ ಭಾರದ ಸೈಕಲ್ಲಿನಲ್ಲಿ ಮಳೆಯೆನ್ನದೆ ಮಂಜೆನ್ನದೆ, ಬೀಟ್‌ರೂಟಿನ ಹೊಲಗಳ ಗಾಳಿಗೆ ಎದೆಯೊಡ್ಡಿ, ಬರುವಾಗ ಬುಟ್ಟಿ ತುಂಬ ದಿನಸಿ ಹೇರಿಕೊಂಡು ಅವಳು ಓಡಾಡುವುದು ಅವನ ಲೆಕ್ಕದಲ್ಲಿ ಬರುತ್ತಲೇ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. "ಆಯ್ತು ಬಾ" ಎಂದ ದೊಡ್ಡ ಮನಸ್ಸು ಮಾಡಿ. "ನಾನು ನಿನ್ನ ಪಕ್ಕದಲ್ಲೇ ಇರ್ತೀನಿ. ಹೆದರಬೇಡ."

ಭಾನುವಾರ ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಕಟ್ಟಿತ್ತು. ಫಿರ್ಮಿನ್ ಗ್ಯಾರೇಜಿನ ಕಪಾಟಿನಿಂದ ತನ್ನ ಎರಡು ಡಬ್ಬಿಗಳನ್ನು ತೆಗೆದ. ಒಂದು, ಬರಿಗಾಲಿಗೆ ಚಳಿ ತಾಗದಂತೆ ತಿಕ್ಕಿಕೊಳ್ಳುವ ಖಾರದ ಮುಲಾಮು. ಹಚ್ಚಿದ ಸ್ವಲ್ಪ ಹೊತ್ತಿಗೆ ಕಾಲು ಕಾದ ಕಾವಲಿಯಾಗುತ್ತದೆ. ಇನ್ನೊಂದು, ಸೀಟಿಗೆ ಉಜ್ಜಿ ಚರ್ಮ ಕಿತ್ತುಹೋಗದಂತೆ ಚಡ್ಡಿಯ ಮೆತ್ತೆಗೆ ಬಳಿಯುವ ತಂಪು ಮುಲಾಮು. ಎರಡೂ ಒಂದೇ ಅಳತೆಯ ದುಂಡು ಡಬ್ಬಿಗಳು. ಓದುವ ಕನ್ನಡಕ ಮನೆಯೊಳಗಿತ್ತು. ಕನ್ನಡಕ ಹಾಕಿಕೊಂಡು ಡಬ್ಬಿ ನೋಡುವವನು ಎಂಥ ಕ್ಯಾಪ್ಟನ್? ಚಳಿಗಾಲದಲ್ಲಿ ಕೂರುವ ಭಾಗ ಮೆತ್ತಗಾಗಿರುತ್ತದೆಂದು ಅವನಿಗೆ ಗೊತ್ತಿತ್ತು, ಅದಕ್ಕೇ ಮೆತ್ತೆಗೆ ಧಾರಾಳವಾಗಿ ಎರಡು ಪದರ ಬಳಿದ.

ಚರ್ಚಿನ ಎದುರು ಸಂಘದವರೆಲ್ಲ ಸೇರಿದ್ದರು. ಎಪ್ಪತ್ತು ದಾಟಿದ ಸೆರಾಫಿನ್ ಟೋಪಿಯ ಮೇಲೆ ಹೆಲ್ಮೆಟ್ ಕೂರಿಸಿಕೊಂಡು ಬಂದಿದ್ದರು. ವಾನಸ್ ಹ್ಯಾಂಡಲ್ಲಿಗೆ ಅಂಟಿಸಿದ ಪುಟ್ಟ ಪರದೆಯನ್ನು ಒತ್ತಿ ಒತ್ತಿ ನೋಡುತ್ತಿದ್ದ. ಫಿರ್ಮಿನ್ ಹಳದಿ ಪಟ್ಟಿ ಸರಿಮಾಡಿಕೊಂಡು "ಹೊರಡಿ!" ಎಂದ. ಲೀವಾ ಅವನ ಪಕ್ಕಕ್ಕೆ ಬಂದಳು.

ಹಾಲಿನ ಡೈರಿ ದಾಟುವಾಗ ಫಿರ್ಮಿನ್‌ಗೆ ಒಂದು ಸಂಶಯ ಬಂತು. ಕಾಲುಗಳು ಚಳಿಗೆ ನೀಲಿಗಟ್ಟುತ್ತಿದ್ದವು, ಬಿಸಿ ಏರಬೇಕಾದ ಕಡೆ ಏರುತ್ತಿರಲಿಲ್ಲ. ಕಾಲುವೆಯ ಸೇತುವೆ ಬಂದಾಗ ಬಿಸಿ ಎಲ್ಲಿಗೆ ಹೋಗಿದೆ ಎಂಬುದು ತಿಳಿಯಿತು. ಮೊದಲು ಮೆಣಸಿನ ಪುಡಿ ಉದುರಿಸಿದ ಹಾಗೆ ಚುರುಚುರು, ಬೆವರು ಸೇರಿದ್ದೇ ತಡ ಬೆಂಕಿ. ಅವನು ಸೀಟಿನಿಂದ ಎದ್ದು ನಿಂತ. ಗಾಳಿ ತಾಗಿ ಪ್ರಾಣ ಬಂತು. ಕೂತ. ಪ್ರಾಣ ಹೋಯಿತು. ಮತ್ತೆ ಎದ್ದ.

"ಯಾಕೆ ಫಿರ್ಮಿನ್, ಏನಾಯ್ತು?" ಎಂದಳು ಲೀವಾ.

"ಏನಿಲ್ಲ, ಏನಿಲ್ಲ. ಉತ್ಸಾಹ."

ಸೀಟು ಬಿಟ್ಟು ನಿಂತು ತುಳಿದರೆ ಸೈಕಲ್ಲು ತಾನಾಗಿ ಮುಂದಕ್ಕೆ ಓಡುತ್ತದೆ. ಲೀವಾ ಪಕ್ಕದಿಂದ ಹಿಂದೆ ಸರಿದಳು. ಕಾಗೆಗುಡ್ಡದ ಬುಡದಲ್ಲಿ ರಸ್ತೆ ಮುಗಿದು ಕಲ್ಲುಹಾಸು ಶುರುವಾದಾಗ ವಾನಸ್ ದಾಟಿ ಹೋಗಲು ನೋಡಿದ. ಆದರೆ ಕೂರಲಾರದವನನ್ನು ದಾಟುವುದು ಸುಲಭವೆ? ಒಂದೊಂದು ಕಲ್ಲಿಗೂ ಚಡ್ಡಿ ಕುಲುಕಿ ಉರಿ ಹೊಸದಾಗಿ ಹೊತ್ತಿಕೊಳ್ಳುತ್ತಿತ್ತು. ಫಿರ್ಮಿನ್ ಹಲ್ಲು ಕಚ್ಚಿ, ಜರ್ಸಿಯ ಜಿಪ್ಪು ತಾನಾಗಿ ಹೊಕ್ಕುಳಿಗೆ ಇಳಿದರೂ ಲೆಕ್ಕಿಸದೆ, ಗುಡ್ಡದ ನೆತ್ತಿಗೆ ಏರಿಯೇಬಿಟ್ಟ. ಎಲ್ಲರಿಗಿಂತ ಮೊದಲು. ಒಬ್ಬನೇ.

ಕೆಫೆಯ ಮುಂದೆ ಅವನು ಸೈಕಲ್ಲು ಹಿಡಿದು ನಿಂತಿದ್ದಾಗ ವಾನಸ್ ಏದುಸಿರು ಬಿಡುತ್ತ ಬಂದ. "ಏನಯ್ಯಾ ತಿಂದೆ ಚಳಿಗಾಲ ಪೂರ್ತಿ? ಒಂದು ಸಲಾನೂ ಕೂರ್ಲಿಲ್ವಲ್ಲ ನೀನು!"

"ಅನುಭವ" ಎಂದ ಫಿರ್ಮಿನ್.

ಒಬ್ಬೊಬ್ಬರಾಗಿ ಬಂದವರು ಬೆನ್ನು ತಟ್ಟಿದರು. ಅರವತ್ತರ ಹತ್ತಿರ ಇಂಥ ಕಾಲು! ಈ ವರ್ಷ ಕೈ ಎತ್ತುವುದೂ ಬೇಡ, ಪಟ್ಟಿ ಅವನದೇ ಎಂದರು. ಫಿರ್ಮಿನ್‌ನ ಎದೆ ಉಬ್ಬಿತು. ಹಳೆಯ ಅಭ್ಯಾಸದಂತೆ ತಲೆ ಎಣಿಸಿದ. ಇಬ್ಬರು ಕಡಿಮೆ. ಉಬ್ಬಿದ ಎದೆ ಥಟ್ಟನೆ ಇಳಿಯಿತು. ಗುಡ್ಡ ಹತ್ತುವಾಗ ಅವನು ಒಂದು ಸಲವೂ ಹಿಂದೆ ತಿರುಗಿ ನೋಡಿರಲಿಲ್ಲ. ಪಕ್ಕದಲ್ಲೇ ಇರುತ್ತೇನೆ ಎಂದವನು ಲೀವಾಳನ್ನು ಕಾಲುವೆಯ ಹತ್ತಿರವೇ ಬಿಟ್ಟುಬಂದಿದ್ದ. ಅವನಿಗೆ ನಾಚಿಕೆಯಾಯಿತು, ಉರಿಗಿಂತ ಹೆಚ್ಚಾಗಿ.

ತಿರುವಿನವರೆಗೆ ಓಡಿದ, ಪೆಡಲ್ಲಿಗೆ ಸಿಕ್ಕಿಸುವ ಕಬ್ಬಿಣದ ಗೊರಸಿನ ಸೈಕಲ್ ಬೂಟಿನಲ್ಲೇ, ಜಾರುತ್ತ, ತಡವರಿಸುತ್ತ. ಕೆಳಗೆ ಅವರಿಬ್ಬರೂ ಬರುತ್ತಿದ್ದರು. ಸೆರಾಫಿನ್ ಅವರ ಸೈಕಲ್ಲು ಒಂದು ಬದಿಯಿಂದ ಇನ್ನೊಂದು ಬದಿಗೆ ಹಾವಿನ ಹಾಗೆ ಹರಿಯುತ್ತಿತ್ತು. ಲೀವಾ ಸೀಟಿನ ಮೇಲೆ ನೆಟ್ಟಗೆ ಕೂತು, ಒಂದು ಕೈಯಲ್ಲಿ ತನ್ನ ಹ್ಯಾಂಡಲ್ಲು, ಇನ್ನೊಂದು ಕೈ ಮುದುಕರ ಬೆನ್ನಿನ ಮೇಲೆ ಇಟ್ಟು, ಅವಸರವಿಲ್ಲದೆ ತುಳಿಯುತ್ತಿದ್ದಳು. ಅವಳಿಗೆ ಏದುಸಿರು ಕೂಡ ಇರಲಿಲ್ಲ.

"ಆ ಬೇಲಿ ತನಕ ಅಷ್ಟೇ" ಎನ್ನುತ್ತಿದ್ದಳು. "ಆಮೇಲೆ ಬಿಯರು."

"ಹಿಂದಿನ ಬೇಲೀಲೂ ಹಿಂಗೇ ಅಂದೆ ನೀನು!" ಎಂದು ಸೆರಾಫಿನ್ ಬೈಯುತ್ತಲೇ ತುಳಿದರು.

ಕೆಫೆಯಲ್ಲಿ ಎಲ್ಲರೂ ಕುರ್ಚಿ ಎಳೆದುಕೊಂಡರು. ಫಿರ್ಮಿನ್ ನಿಂತೇ ಇದ್ದ.

"ಕೂತ್ಕೊಳೋ ಮಾರಾಯ" ಎಂದರು ಸೆರಾಫಿನ್. ಆಮೇಲೆ ಮೂಗು ಅರಳಿಸಿ ಗಾಳಿಯನ್ನು ಮೂಸಿದರು. ಕಾಲಿನ ಮುಲಾಮಿನ ಕರ್ಪೂರದ ವಾಸನೆ ಅವರಿಗೆ ಚೆನ್ನಾಗಿ ಗೊತ್ತು. ಬಗ್ಗಿ ಫಿರ್ಮಿನ್‌ನ ನೀಲಿ ಕಾಲು ನೋಡಿದರು, ಮೇಲಕ್ಕೆ ನೋಡಿದರು. ತಡೆದ ನಗುವಿಗೆ ಅವರ ಮೀಸೆ ಅಲುಗತೊಡಗಿತು.

"ಫಿರ್ಮಿನ್‌ಗೆ ಕೈ ಎತ್ತೋರು ಎತ್ತಿ" ಎಂದ ಯಾರೋ. ಕೈಗಳು ಏಳತೊಡಗಿದವು. ವಾನಸ್ ಕೂಡ, ಸೋತವನ ಮರ್ಯಾದೆಯಿಂದ, ಎತ್ತಿದ. ಫಿರ್ಮಿನ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಪಟ್ಟಿ ಅವನದೇ. ಲೀವಾ ಮೂಲೆಯಲ್ಲಿ ಕೈಗವಸು ಬಿಚ್ಚಿ ಸೆರಾಫಿನ್ ಅವರ ಮರಗಟ್ಟಿದ ಬೆರಳುಗಳನ್ನು ತಿಕ್ಕುತ್ತಿದ್ದಳು, ಒಂದು ಮಾತೂ ದೂರದೆ. ಒಂದು ಮಾತು ಬೈದಿದ್ದರೂ ಅವನು ಪಟ್ಟಿಯನ್ನು ಇಟ್ಟುಕೊಂಡುಬಿಡುತ್ತಿದ್ದನೇನೋ.

"ಇಳಿಸ್ರಪ್ಪಾ ಕೈ" ಎಂದ. "ನನ್ನ ಕಾಲಲ್ಲಿ ಶಕ್ತಿ ಇರ್ಲಿಲ್ಲ. ಡಬ್ಬಿ ಅದಲು ಬದಲಾಯ್ತು. ಕಾಲಿಗೆ ಹಚ್ಚೋದನ್ನ ಚಡ್ಡಿಗೆ ಹಚ್ಕೊಂಡೆ. ಕೂರಕ್ಕಾಗದೆ ಹತ್ತಿದೆ ಅಷ್ಟೆ."

ಕೆಫೆ ಸೂರು ಹಾರಿಹೋಗುವಂತೆ ನಕ್ಕಿತು. ವಾನಸ್ ಮೇಜಿನ ಮೇಲೆ ತಲೆಯಿಟ್ಟು ನಕ್ಕ. ಫಿರ್ಮಿನ್ ನಗು ಮುಗಿಯುವವರೆಗೆ ಕಾದ.

"ನಾನು ಮುಂದೆ ಹೋದೆ. ಈ ವಾನಸ್ಸೂ ಹೋದ. ಕ್ಯಾಪ್ಟನ್ ಕೆಲಸ ಹಿಂದೆ ಉಳಿದವರನ್ನ ಮೇಲೆ ತರೋದು. ಅದನ್ನ ಇವತ್ತು ಮಾಡಿದ್ದು ಒಬ್ಬಳೇ. ಚಳಿಗಾಲ ಪೂರ್ತಿ ಬುಟ್ಟಿ ಹೇರ್ಕೊಂಡು ದಿನಾ ಸೈಕಲ್ ತುಳಿದೋಳೂ ಅವಳೇ, ನಾನೇ ಲೆಕ್ಕಕ್ಕೆ ತಗೊಂಡಿರ್ಲಿಲ್ಲ. ನನ್ನ ಕೈ ಲೀವಾಗೆ." ಹೇಳಿ ಕೈ ಎತ್ತಿದ.

"ಹುಚ್ಚು ಹಿಡೀತಾ ನಿಂಗೆ?" ಎಂದಳು ಲೀವಾ. ಕೆನ್ನೆ ಕೆಂಪಾಗಿತ್ತು. "ನಾನು ಬಂದಿದ್ದು ನಿನ್ನ ಜೊತೆ ಇರೋಕೆ, ಪಟ್ಟಿ ಕಟ್ಕೊಳಕ್ಕಲ್ಲ."

ಅಷ್ಟರಲ್ಲಿ ಸೆರಾಫಿನ್ ಕೈ ಎತ್ತಿಯಾಗಿತ್ತು. ವಾನಸ್ ಕಣ್ಣೊರೆಸಿಕೊಂಡು ಎತ್ತಿದ, ಉಳಿದವರೂ ಎತ್ತಿದರು. ಫಿರ್ಮಿನ್ ತನ್ನ ತೋಳಿನಿಂದ ಪಟ್ಟಿ ಬಿಚ್ಚಿದಾಗ ಅಲ್ಲಿ ಚರ್ಮ ಬರಿದಾದಂತೆ ಅನಿಸಿತು. ಸೆರಾಫಿನ್ ಅದನ್ನು ಲೀವಾಳ ತೋಳಿಗೆ ಕಟ್ಟಿ ಎರಡು ಗಂಟು ಹಾಕಿದರು.

ಇಳಿಜಾರಿನಲ್ಲಿ ಗಾಳಿ ಬೆನ್ನಿಗಿತ್ತು. ಫಿರ್ಮಿನ್ ಪೆಡಲ್ಲಿನ ಮೇಲೆ ನಿಂತುಕೊಂಡೇ, ಹಳೆಯ ರೂಢಿಯಂತೆ, ಯಾರೂ ಕೇಳದಿದ್ದರೂ ಎಲ್ಲರ ಮುಂದಕ್ಕೆ ನುಗ್ಗಿದ. ಹಿಂದಿನಿಂದ ಲೀವಾಳ ಗಟ್ಟಿ ದನಿ ಬಂತು, ವೃದ್ಧಾಶ್ರಮದಲ್ಲಿ ಊಟಕ್ಕೆ ಕೂರಿಸುವ ದನಿ:

"ಫಿರ್ಮಿನ್! ಸಾಲಿಗೆ ಬಾ!"

ಅವನು ಬ್ರೇಕ್ ಹಿಡಿದ. ಎಲ್ಲರೂ ಪಕ್ಕದಿಂದ ದಾಟಿ ಹೋಗಲು ಬಿಟ್ಟ, ಲೀವಾ ಬಂದ ಮೇಲೆ ಅವಳ ಜೊತೆಗೆ ಸೇರಿಕೊಂಡ.